ಹಳದಿ ದಾರದ ಸಾಲು

ಜನವರಿ 10

ತಮ್ಮಾ,

ಅಕ್ಕ ಸತ್ತಳೋ ಬದುಕಿದಳೋ ಎಂದು ಮುಖ ಊದಿಸಿಕೊಂಡು ಕೂತಿರುತ್ತೀಯ. ಬದುಕಿದ್ದೇನೆ. ಗಾಜಿನ ಮನೆಯಲ್ಲಿ ಹೂ ಶುರುವಾಗಿ ಎರಡು ವಾರವಾಯಿತು. ಹೂ ಶುರುವಾದರೆ ನನಗೆ ತಮ್ಮನೂ ಇಲ್ಲ, ತಲೆ ಬಾಚಿಕೊಳ್ಳುವ ಪುರುಸೊತ್ತೂ ಇಲ್ಲ, ನಿನಗೇ ಗೊತ್ತು.

ಈ ವರ್ಷ ನಾವು ಹನ್ನೊಂದು ಹೆಂಗಸರು, ಹನ್ನೊಂದು ಸಾಲು. ನಿಮ್ಮ ಬೀಜದ ಕಂಪನಿಯವರು ಹೊಸ ಟೊಮೇಟೊ ತಳಿ ಕೊಟ್ಟಿದ್ದಾರೆ. ತಾಯಿಗಿಡದ ಕಾಂಡ ಹಸಿರು, ತಂದೆಗಿಡದ್ದು ನೇರಳೆ. ಕೆಲಸ ಮಾತ್ರ ಹಳೆಯದೇ. ಮಧ್ಯಾಹ್ನ ತಾಯಿಗಿಡದ ಮೊಗ್ಗು ಬಿಡಿಸಿ ಕೇಸರಗಳನ್ನೆಲ್ಲ ಚಿಮಟದಿಂದ ಕಿತ್ತು ತೆಗೆಯುವುದು. ಮರುದಿನ ಬೆಳಿಗ್ಗೆ ತಂದೆಗಿಡದ ಪರಾಗವನ್ನು ಬೆರಳಿಗೆ ತೊಟ್ಟ ಉಂಗುರದ ಪುಟ್ಟ ಬಟ್ಟಲಲ್ಲಿ ತುಂಬಿಕೊಂಡು ಬಂದು, ಒಳಗೆ ಒಂಟಿಯಾಗಿ ನಿಂತಿರುವ ಕಂಬದ ತುದಿಯನ್ನು ಅದರಲ್ಲಿ ಅದ್ದುವುದು. ಅದ್ದಿದ ಹೂವಿನ ಟೋಪಿಯಲ್ಲಿ ಎರಡು ಎಲೆ ಕತ್ತರಿಸಿ, ತೊಟ್ಟಿಗೆ ಅವರವರ ಬಣ್ಣದ ದಾರ ಕಟ್ಟಿದರೆ ಆ ಹೂವಿನ ಪಾಲಿಗೆ ನಮ್ಮ ಋಣ ತೀರಿತು. ಪುಸ್ತಕದವರು ಪುಷ್ಪಪತ್ರ, ಶಲಾಕೆ ಎನ್ನಲಿ. ನಮ್ಮಲ್ಲಿ ಟೋಪಿ ಟೋಪಿಯೇ, ಕಂಬ ಕಂಬವೇ.

ನನ್ನ ದಾರ ಈ ಸಲ ಹಳದಿ. ಹೋದ ವರ್ಷ ನೀಲಿ ಇತ್ತು, ಎಲೆಗಳ ನಡುವೆ ಹುಡುಕಿ ಹುಡುಕಿ ಸಾಕಾಗಿತ್ತು. ಹಳದಿ ಎದ್ದು ಕಾಣುತ್ತದೆ.

ಹೊಸಬಳೊಬ್ಬಳು ಬಂದಿದ್ದಾಳೆ, ನನ್ನ ಓರಗೆಯವಳೇ. ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದಳಂತೆ. ಒಂದು ದಿನ ಯಾರೋ ಹಿಂದಿನಿಂದ ಕೂಗಿದ್ದಕ್ಕೆ ಬೆಚ್ಚಿ ಏಣಿಯಿಂದ ಬಿದ್ದಳಂತೆ. ಅಂದಿನಿಂದ ಬೆನ್ನ ಹಿಂದೆ ಯಾರಾದರೂ ನಿಂತರೆ ಕೈ ಗಡಗಡ ನಡುಗುತ್ತದೆ. ಎಲ್ಲರೂ ಸೇರಿ ಅವಳಿಗೆ ಗಾಬರಿ ಎಂದು ಹೆಸರಿಟ್ಟುಬಿಟ್ಟಿದ್ದೇವೆ. ನಾನೋ ಮೇಸ್ತ್ರಿ. ಹನ್ನೊಂದು ಬೆನ್ನುಗಳಲ್ಲಿ ನನ್ನದೊಂದು ಬಿಟ್ಟು ಉಳಿದ ಹತ್ತರ ಹಿಂದೆ ನಿಲ್ಲುವುದೇ ನನ್ನ ಕೆಲಸ. ನಾನು ಬಂದರೆ ಅವಳ ಕೈಯಲ್ಲಿ ದಳ ಹರಿಯುತ್ತದೆ. ಅವಳಿಗೆ ಕೆಂಪು ದಾರ ಕೊಟ್ಟಿದ್ದೇನೆ, ಎಲ್ಲೇ ತಪ್ಪಾದರೂ ತಕ್ಷಣ ಕಾಣಲಿ ಎಂದು.

ನಿನ್ನ ಕೆಮ್ಮು ಹೋಯಿತೇ? ಸುಳ್ಳು ಬರೆಯಬೇಡ.

ಅಕ್ಕ


ಜನವರಿ 24

ಅಕ್ಕಾ,

ಕೆಮ್ಮು ಹೋಗಿದೆ, ನಿಜವಾಗಿಯೂ. ಆದರೆ ನಿನ್ನ ಪತ್ರಕ್ಕೆ ಏನಾಗಿದೆ? ಸಾಲುಗಳೆಲ್ಲ ಎಡಗಡೆಯಿಂದ ಹೊರಟು ಬೆಟ್ಟ ಹತ್ತುತ್ತಿವೆ. ಎರಡನೇ ಪುಟದಲ್ಲಿ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಹತ್ತಿ ಕೂತಿದೆ. ಅಡುಗೆ ಮಾಡುತ್ತ ಬರೆದೆಯಾ?

ಕಂಬ, ಟೋಪಿ ಎಂದು ಓದಿ ನಗು ಬಂತು. ನನ್ನ ಪರೀಕ್ಷೆಯ ಹಿಂದಿನ ಸಂಜೆ ನೀನು ಪೇಪರು ಹಾಸಿ ಅದರ ಮೇಲೆ ಹೂ ಬಿಡಿಸಿಟ್ಟದ್ದು ನೆನಪಿದೆಯಾ? "ಹೊರಗಿನಿಂದ ಒಳಕ್ಕೆ ಬಾ. ಟೋಪಿ ಕಾಯುತ್ತೆ, ದಳ ಕರೆಯುತ್ತೆ, ಕೇಸರ ಕೊಡುತ್ತೆ, ಕಂಬ ಇಸ್ಕೊಳ್ಳುತ್ತೆ, ಹೊಟ್ಟೆ ಹೊರುತ್ತೆ. ಇಷ್ಟೇ ಕಣೋ ಹೂವು, ಇದಕ್ಕೆ ಅಳೋದು ಯಾಕೆ?" ಎಂದಿದ್ದೆ. ನಾನು ಹಾಗೆಯೇ ಬರೆದು ಬಂದೆ. ಮೇಷ್ಟ್ರು ಟೋಪಿಗೆ ಸೊನ್ನೆ ಹಾಕಿದರು. ಅಮ್ಮ ಅಂದು ಪಕ್ಕದಲ್ಲೇ ಕೂತಿದ್ದಳು, ಎಂದಿನಂತೆ ಮುಖ ಅತ್ತ ತಿರುಗಿಸಿಕೊಂಡು. ಒಂದು ದಿನವಾದರೂ ನನ್ನನ್ನು ನೆಟ್ಟಗೆ ನೋಡಿದವಳಲ್ಲ. ನನ್ನ ಮೇಲೆ ಅವಳಿಗೆ ಏನು ಸಿಟ್ಟಿತ್ತೋ ಈಗಲೂ ಗೊತ್ತಾಗಿಲ್ಲ.

ಇಲ್ಲಿ ನನ್ನನ್ನು ಬೇರೆ ವಿಭಾಗಕ್ಕೆ ಹಾಕಿದ್ದಾರೆ. ಅದರ ವಿಷಯ ಹೊರಗೆ ಬರೆಯುವಂತಿಲ್ಲ, ಸಹಿ ಹಾಕಿಸಿಕೊಂಡಿದ್ದಾರೆ. ಫೋನು ಮಾಡೋಣವೆಂದರೆ ಇಲ್ಲಿಯೂ ಮ್ಯಾನೇಜರ ಮೇಜಿನ ಮೇಲೆ, ಅಲ್ಲಿಯೂ ಮ್ಯಾನೇಜರ ಮೇಜಿನ ಮೇಲೆ. ಪತ್ರವೇ ವಾಸಿ.

ಆ ಗಾಬರಿಯ ಹಿಂದೆ ಸ್ವಲ್ಪ ಕಡಿಮೆ ನಿಲ್ಲು. ನೀನು ಹಿಂದೆ ನಿಂತರೆ ಹೇಗಿರುತ್ತದೆಂದು ನನಗೆ ಗೊತ್ತು.

ತಮ್ಮ


ಫೆಬ್ರವರಿ 14

ತಮ್ಮಾ,

ಸಾಲು ಬೆಟ್ಟ ಹತ್ತಿದರೆ ನೀನೂ ಹತ್ತಿಕೊಂಡು ಓದು. ಹೂವಿನ ಕೆಲಸ ಇವತ್ತಿಗೆ ಮುಗಿಯಿತು. ಇನ್ನು ಕಾಯಿ ಹಣ್ಣಾಗುವುದನ್ನು ಕಾಯಬೇಕು. ಕಾಯುವ ಕೆಲಸ ನನಗೆ ಆಗಿಬರುವುದಿಲ್ಲ.

ಈ ಸಲ ಎಲ್ಲದಕ್ಕೂ ಸಿಟ್ಟು ಬರುತ್ತದೆ. ಗಾಜು ಕೊಳಕಾಗಿದೆ, ತೊಳೆಸಿ ಎಂದು ಮ್ಯಾನೇಜರಿಗೆ ಮೂರು ಸಲ ಹೇಳಿದೆ. ತೊಳೆಸಿದರು. ಹಾಗೇ ಇದೆ. ಚಿಮಟ ಹಿಡಿದು ತಡಕಾಡುವುದು ಬೇಡವೆಂದು ನಾನು ಬರೀ ಉಗುರಿನಲ್ಲೇ ಕೇಸರ ತೆಗೆದೆ. ಹೆಬ್ಬೆರಳಿಗೆ ಮೊಗ್ಗು ಸಿಕ್ಕರೆ ಸಾಕು, ಕಣ್ಣು ಮುಚ್ಚಿಕೊಂಡೂ ಮಾಡುತ್ತೇನೆ. ಮೂವತ್ತು ವರ್ಷದ ಕೈ ಇದು. ಉಳಿದವರು ನೂರು ಹೂ ಮುಗಿಸುವಷ್ಟರಲ್ಲಿ ನಾನು ನೂರಿಪ್ಪತ್ತು ಮುಗಿಸಿರುತ್ತಿದ್ದೆ.

ಗಾಬರಿ ಮೊನ್ನೆ ಊಟದ ಹೊತ್ತಿಗೆ ಎಲ್ಲರೆದುರು, "ಮೇಸ್ತ್ರಿಯಮ್ಮ ಹೂವನ್ನ ನೋಡಲ್ಲ ಕಣ್ರೇ, ಹೂವಿನ ಪಕ್ಕ ನೋಡ್ತಾರೆ" ಅಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಆಮೇಲೆ ಅವಳ ಸಾಲಿಗೆ ಹೋಗಿ ಹಿಂದೆ ನಿಂತೆ, ಬೇಕೆಂದೇ ನಿಂತೆ. ಮೂರು ಹೂ ಹರಿದಳು. ಬಾಯಿಗೆ ಬಂದಂತೆ ಬೈದೆ. ಬೈದ ಮೇಲೆ ರಾತ್ರಿ ಊಟ ಸೇರಲಿಲ್ಲ.

ಒಲೆಯ ಮೇಲಿನ ಪಾತ್ರೆ ಎಲ್ಲಿದೆಯೆಂದು ಗೊತ್ತಾಗದೆ ಎಡಗೈ ಸುಟ್ಟುಕೊಂಡೆ. ದೊಡ್ಡದೇನಲ್ಲ. ಅಡುಗೆಮನೆಯ ಬಲ್ಬು ಬದಲಿಸಬೇಕು.

ಬೇರೆ ವಿಭಾಗ ಎಂದರೆ ಯಾವುದು? ಅಕ್ಕನಿಗೂ ಹೇಳಬಾರದ ಗುಟ್ಟು ಬಂತೇ ನಿನಗೆ? ಆಗಲಿ, ಆಗಲಿ.

ಅಕ್ಕ


ಮಾರ್ಚ್ 20

ಅಕ್ಕಾ,

ಈ ಪತ್ರ ಓದಿದ ಮೇಲೆ ಸುಟ್ಟುಬಿಡು. ತಮಾಷೆಗೆ ಹೇಳುತ್ತಿಲ್ಲ.

ನನ್ನನ್ನು ಹಾಕಿರುವುದು ಬೀಜ ಪರೀಕ್ಷೆಯ ತೋಟಕ್ಕೆ. ಎಲ್ಲ ಗಾಜಿನ ಮನೆಗಳ ಬೀಜವೂ ಮಾರಾಟಕ್ಕೆ ಮೊದಲು ಇಲ್ಲಿಗೆ ಬರುತ್ತದೆ. ಹೆಸರು ಇರುವುದಿಲ್ಲ, ನಂಬರು ಮಾತ್ರ. ಬಿತ್ತಿ, ಸಸಿ ಎದ್ದ ಮೇಲೆ ಕಾಂಡ ನೋಡುತ್ತೇವೆ. ತಂದೆಯ ಪರಾಗ ತಾಗಿದ್ದರೆ ಸಸಿಯ ಕಾಂಡ ನೇರಳೆ. ತಾಯಿಹೂವಿಗೆ ತನ್ನದೇ ಪರಾಗ ಬಿದ್ದಿದ್ದರೆ ಹಸಿರು. ಹತ್ತೇ ದಿನದಲ್ಲಿ ಎಲ್ಲ ಬಯಲಾಗುತ್ತದೆ. ಫಲಿತಾಂಶವನ್ನು ಬೆಳೆದವರಿಗೆ ತಿಳಿಸಿದರೆ ಕೆಲಸ ಹೋಗುತ್ತದೆ ಎಂಬ ಕಾಗದಕ್ಕೆ ನಾನು ಸಹಿ ಹಾಕಿದ್ದೇನೆ.

ಹಸಿರು ತಾಯಿ, ನೇರಳೆ ತಂದೆಯ ಟೊಮೇಟೊ ಬೆಳೆಯುವವರು ನೀವೊಬ್ಬರೇ. ನಿಮ್ಮ ಮೊದಲ ಕೊಯ್ಲಿನ ಮಾದರಿ ಬಂದಿತ್ತು. ಸಾವಿರ ಬಿತ್ತಿದೆ. ಸಾವಿರಕ್ಕೆ ಹತ್ತು ಹಸಿರು ಇದ್ದರೆ ಒಪ್ಪುತ್ತಾರೆ. ಹದಿಮೂರು ಇದೆ.

ನಾಲ್ಕು ಸಲ ಎಣಿಸಿದೆ ಅಕ್ಕ. ಹದಿಮೂರೇ.

ಇದು ಮುಂಗಡ ಪರೀಕ್ಷೆ, ಲೆಕ್ಕಕ್ಕಿಲ್ಲ. ನೀವು ಎಲ್ಲರ ಬೀಜವನ್ನೂ ಒಟ್ಟು ಸೇರಿಸಿ ಕಳಿಸುತ್ತೀರಲ್ಲ, ಅದರ ಪರೀಕ್ಷೆಯೇ ಕೊನೆಯದು. ಅಲ್ಲಿ ಹತ್ತು ದಾಟಿದರೆ ಅಷ್ಟೂ ಬೀಜ ಬೆಂಕಿಗೆ. ಹನ್ನೊಂದು ಜನರ ವರ್ಷದ ದುಡಿಮೆ ಬೂದಿಯಾಗುತ್ತದೆ. ಅಂಥ ಗಾಜಿನ ಮನೆಗೆ ಮುಂದಿನ ವರ್ಷ ಕಂಪನಿ ಕೆಲಸ ಕೊಡುವುದಿಲ್ಲ. ಒಮ್ಮೆ ಬೀಜ ಬೆರೆತರೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಬ್ರಹ್ಮನಿಗೂ ಹೇಳಲಾಗದು.

ಯಾರೋ ಒಬ್ಬರು ಮೊಗ್ಗನ್ನು ಒಂದು ದಿನ ತಡವಾಗಿ ಬಿಡಿಸುತ್ತಿದ್ದಾರೆ. ಕೇಸರ ಒಳಗೇ ಒಡೆದು ಪರಾಗ ಉದುರಿದ ಮೇಲೆ ತೆಗೆದರೆ, ಎಷ್ಟು ಚೊಕ್ಕವಾಗಿ ತೆಗೆದರೇನು? ಯಾರೆಂದು ನೋಡು. ಯಾವತ್ತು ಬೆರೆಸುತ್ತೀರಿ? ತಕ್ಷಣ ಬರೆ.

ತಮ್ಮ


ಮಾರ್ಚ್ 29

ತಮ್ಮಾ,

ಪತ್ರ ಸುಟ್ಟೆ. ಮೂವತ್ತು ವರ್ಷದಲ್ಲಿ ನಮ್ಮ ಮನೆಯ ಬೀಜ ಒಮ್ಮೆಯೂ ತಿರುಗಿ ಬಂದಿಲ್ಲ.

ಯಾರೆಂದು ನೋಡುವುದೇನು ಬಂತು? ಹತ್ತು ಜನ ಹಳೆಯ ಕೈಗಳು, ಒಂದು ಹೊಸ ಕೈ. ನಿನ್ನೆ ಸಂಜೆ ಎಲ್ಲರೂ ಹೋದ ಮೇಲೆ ಗಾಬರಿಯನ್ನು ನಿಲ್ಲಿಸಿಕೊಂಡು, ನಾಳೆಯಿಂದ ಬರಬೇಡ ಎಂದೆ.

"ಯಾಕೆ ಮೇಸ್ತ್ರಿಯಮ್ಮ, ಏನು ತಪ್ಪು ಮಾಡ್ದೆ?" ಅಂದಳು. ನಿನ್ನ ಹೆಸರು ಹೇಳುವಂತಿಲ್ಲವಲ್ಲ, ಅದಕ್ಕೇ "ನಿನ್ನ ಕೈ ನಡುಗುತ್ತೆ" ಎಂದೆ.

"ನೀವು ಹಿಂದೆ ನಿಂತಾಗ ನಡುಗುತ್ತೆ. ನೀವು ಹೋದ್ಮೇಲೆ ಒಂದ್ಸಲನಾದ್ರೂ ನೋಡಿದ್ದೀರಾ?" ಅಂದಳು.

ಅವಳು ಅಳುತ್ತಿದ್ದಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಚೀಲ ತಗಲಿಸಿಕೊಂಡು ಹೋದಳು. ಅವಳ ಗಂಡ ಲಾರಿಯವನು, ತಿಂಗಳಿಗೊಮ್ಮೆ ಮನೆ ನೋಡುವವನು. ಅದೆಲ್ಲ ಯೋಚಿಸಿದರೆ ಮೇಸ್ತ್ರಿಗಿರಿ ನಡೆಯುವುದಿಲ್ಲ. ಒಬ್ಬಳಿಗಾಗಿ ಹತ್ತು ಜನರನ್ನು ಮುಳುಗಿಸಲಾ?

ಬೀಜವೆಲ್ಲ ಇನ್ನೂ ಬೇರೆ ಬೇರೆ ಚೀಲದಲ್ಲಿದೆ, ಚೀಲದ ಬಾಯಿಗೆ ಅವರವರ ದಾರ. ಮೇ ಎಂಟಕ್ಕೆ ಬೆರೆಸುವುದು. ಅದಕ್ಕೆ ಮೊದಲು ಕೆಂಪು ದಾರದ ಚೀಲ ಎತ್ತಿ ಆಚೆ ಎಸೆಯುತ್ತೇನೆ. ಅಲ್ಲಿಗೆ ಮುಗಿಯಿತು, ನೀನು ನಿಶ್ಚಿಂತೆಯಾಗಿರು.

ಅಕ್ಕ


ಏಪ್ರಿಲ್ 4

ಅಕ್ಕಾ,

ಎಸೆಯಬೇಡ. ದಯವಿಟ್ಟು ಎಸೆಯಬೇಡ. ಈ ಪತ್ರ ತಲುಪುವಷ್ಟರಲ್ಲಿ ಎಸೆದಿದ್ದರೆ ಹೋಗಿ ಎತ್ತಿಕೊಂಡು ಬಾ.

ದಳ ಹರಿದರೆ ಹಸಿರು ಸಸಿ ಹುಟ್ಟುವುದಿಲ್ಲ. ದಳದ ಕೆಲಸ ಕರೆಯುವುದು. ನಿಮ್ಮ ಗಾಜಿನ ಮನೆಯೊಳಗೆ ಯಾರನ್ನು ಕರೆಯಬೇಕು ಅದು, ನೊಣವನ್ನೇ? ತಪ್ಪಿರುವುದು ದಿನದಲ್ಲಿ. ಹದವಾದ ಮೊಗ್ಗಿನ ದಳದ ತುದಿ ಆಗತಾನೆ ಹಸಿರು ಬಿಟ್ಟು ತಿಳಿಹಳದಿಗೆ ತಿರುಗಿರುತ್ತದೆ. ಅದು ಕಣ್ಣಿಗೆ ಕಾಣುವ ಗುರುತು, ಕೈಗೆ ಸಿಗುವುದಲ್ಲ. ಕೈ ನಡುಗುವವಳು ಹೂ ಹಾಳು ಮಾಡಿಯಾಳು, ದಿನ ತಪ್ಪುವುದಿಲ್ಲ. ಬಣ್ಣ ನೋಡದೆ, ಕೈಗೆ ಸಿಕ್ಕ ದಪ್ಪ ಮೊಗ್ಗನ್ನು ಆರಿಸುವವರು ದಿನ ತಪ್ಪುತ್ತಾರೆ. ಅಂಥವರು ಯಾರಾದರೂ ಇದ್ದಾರೆಯೇ?

ಒಂದು ಕೆಲಸ ಮಾಡು. ಹನ್ನೊಂದು ಚೀಲದಿಂದಲೂ ಐವತ್ತೈವತ್ತು ಬೀಜ ತೆಗೆದು, ಒಂದೊಂದು ಪೊಟ್ಟಣ ಕಟ್ಟಿ, ಅದದೇ ಬಣ್ಣದ ದಾರ ಸುತ್ತಿ ನನ್ನ ಕೋಣೆಯ ವಿಳಾಸಕ್ಕೆ ಕಳಿಸು. ನನ್ನ ಕಿಟಕಿಯಲ್ಲೇ ಬಿತ್ತುತ್ತೇನೆ. ಅಲ್ಲಿಯವರೆಗೆ ಯಾರನ್ನೂ ಏನೂ ಅನ್ನಬೇಡ.

ನಿನ್ನ ಕಣ್ಣು ಹೇಗಿದೆ? ಸುಮ್ಮನೆ ಕೇಳಿದೆ.

ತಮ್ಮ


ಏಪ್ರಿಲ್ 10

ತಮ್ಮಾ,

ಹನ್ನೊಂದು ಪೊಟ್ಟಣ ಇದರ ಜೊತೆಗಿದೆ. ಕೆಂಪು ಚೀಲ ಇನ್ನೂ ಎಸೆದಿರಲಿಲ್ಲ.

ಕಣ್ಣು ಇದ್ದಲ್ಲೇ ಇದೆ, ಎರಡೂ.

ಕೆಂಪಿನಲ್ಲಿ ಎಷ್ಟು ಹಸಿರು ಬಂತೆಂದು ಮೊದಲು ಬರೆ. ಉಳಿದದ್ದು ಆಮೇಲೆ. ಅವಳು ಹೋದಂದಿನಿಂದ ಉಳಿದವರು ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಾರೆ. ನಾನು ಬಂದರೆ ನಗು ನಿಲ್ಲುತ್ತದೆ. ಹೇಳಬಾರದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಹನ್ನೆರಡು ದಿನವಾಯಿತು. ರಾತ್ರಿ ನಿದ್ದೆ ಬರುವುದಿಲ್ಲ, ಹಗಲು ಬಂದರೆ ಮಲಗುವಂತಿಲ್ಲ.

ಅಕ್ಕ


ಏಪ್ರಿಲ್ 25

ಅಕ್ಕಾ,

ಸಸಿಗಳು ಎದ್ದಿವೆ. ಹನ್ನೊಂದು ತಟ್ಟೆ, ಮಂಚದ ಕೆಳಗೂ ಇಟ್ಟಿದ್ದೇನೆ. ನೀನು ಕೇಳಿದ್ದನ್ನೇ ಮೊದಲು ಹೇಳುತ್ತೇನೆ.

ಕೆಂಪು: ಐವತ್ತಕ್ಕೆ ಐವತ್ತೂ ನೇರಳೆ. ಹನ್ನೊಂದರಲ್ಲಿ ಇಷ್ಟು ಗಟ್ಟಿಯಾದ ಸಸಿ ಬೇರೊಂದಿಲ್ಲ. ಅವಳ ಕೈ ಬಂಗಾರದ ಕೈ.

ಉಳಿದ ಒಂಬತ್ತರಲ್ಲೂ ಒಂದೂ ಹಸಿರಿಲ್ಲ.

ಹಳದಿ: ಐವತ್ತಕ್ಕೆ ಏಳು ಹಸಿರು.

ಹಳದಿ ದಾರ ಯಾರದೋ ನನಗೆ ನೆನಪಿಲ್ಲ. ನೀನು ಬರೆದಿದ್ದೆಯೋ ಇಲ್ಲವೋ ಅದೂ ನೆನಪಿಲ್ಲ. ಯಾರೇ ಆಗಿರಲಿ, ಅವರು ಬೇಕೆಂದು ಮಾಡಿದ್ದಲ್ಲ. ಕೇಸರವನ್ನು ಒಂದೂ ಬಿಡದೆ ತೆಗೆದಿರಬೇಕು, ಇಲ್ಲದಿದ್ದರೆ ಏಳಲ್ಲ, ನಲವತ್ತು ಹಸಿರು ಬರುತ್ತಿತ್ತು. ಕೆಲಸ ಬಲ್ಲವರೇ. ಅವರಿಗೆ ಮೊಗ್ಗಿನ ಬಣ್ಣ ಕಾಣುತ್ತಿಲ್ಲ, ಅಷ್ಟೇ. ಅವರ ಚೀಲ ಬೆರೆಯದಂತೆ ನೋಡಿಕೋ. ಅದೊಂದು ಇಲ್ಲದಿದ್ದರೆ ನಿಮ್ಮ ಬೀಜ ಗೆದ್ದಂತೆ.

ಅವರು ಯಾರೋ, ಅವರ ಮೇಲೆ ರೇಗಬೇಡ. ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು.

ತಮ್ಮ


ಮೇ 3

ಅಕ್ಕಾ,

ಇವತ್ತಿಗೂ ನಿನ್ನಿಂದ ಏನೂ ಬಂದಿಲ್ಲ. ನನ್ನ ಪತ್ರ ಸಿಕ್ಕಿತೋ ಇಲ್ಲವೋ. ಮ್ಯಾನೇಜರ ಕೋಣೆಗೆ ಫೋನು ಮಾಡಲು ಎರಡು ಸಲ ಹೋಗಿ ಎರಡು ಸಲವೂ ಬಾಗಿಲಿನಿಂದ ವಾಪಸು ಬಂದೆ. ಏನೆಂದು ಕೇಳಲಿ? ಯಾರ ಎದುರು ಕೇಳಲಿ?

ಇನ್ನು ಐದು ದಿನ. ಬೆರೆಸಿಬಿಟ್ಟರೆ ನನ್ನ ಕೈಯಲ್ಲೇನೂ ಇಲ್ಲ. ನಿನಗೆ ಒಂದು ವಿಷಯ ಹೇಳಿಲ್ಲ. ಮಾರ್ಚಿನಲ್ಲಿ ಆ ಹದಿಮೂರು ಸಸಿ ಎಣಿಸಿದ ದಿನ ತೋಟದಲ್ಲಿ ನಾನೊಬ್ಬನೇ ಇದ್ದೆ. ಲೆಕ್ಕಕ್ಕಿಲ್ಲದ ಪರೀಕ್ಷೆಯಾದರೂ ನಿಮ್ಮ ನಂಬರು ಕೆಡದಿರಲು ಮೂರು ಹಸಿರು ಕಿತ್ತು ಜೇಬಿಗೆ ಹಾಕಿಕೊಂಡರೆ ಸಾಕಿತ್ತು. ಎರಡು ಕಿತ್ತೂ ಬಿಟ್ಟೆ. ಆಮೇಲೆ ಮತ್ತೆ ಅದೇ ಗುಳಿಯಲ್ಲಿ ನೆಟ್ಟು ನೀರು ಹಾಕಿ, ಕೈ ತೊಳೆದುಕೊಂಡು ಬಂದೆ. ದೊಡ್ಡ ಸತ್ಯವಂತನೆಂದು ಅಲ್ಲ. ಈ ಬೀಜ ಕೊಂಡು ನೆಡುವವನ ಹೊಲದಲ್ಲಿ ಅವು ಹಸಿರಾಗಿಯೇ ಏಳುತ್ತವಲ್ಲ ಅನ್ನಿಸಿತು. ಕೊನೆಯ ಪರೀಕ್ಷೆಯ ದಿನ ಮತ್ತೆ ನಾನೇ ಎಣಿಸಬೇಕು. ಆವತ್ತು ನೆಟ್ಟೇನೆಂಬ ಧೈರ್ಯ ನನಗಿಲ್ಲ. ನನ್ನನ್ನು ಆ ಜಾಗದಲ್ಲಿ ನಿಲ್ಲಿಸಬೇಡ ಅಕ್ಕ.

ಒಂದು ಸಾಲಾದರೂ ಬರೆ.

ತಮ್ಮ


ಮೇ 6

ತಮ್ಮಾ,

ನಿನ್ನ ಏಪ್ರಿಲ್ ಪತ್ರ ಸಿಕ್ಕಿ ಆರು ದಿನವಾಯಿತು. ಓದಲು ಎರಡು ದಿನ ಹಿಡಿಯಿತು. ನಿಜವಾಗಿಯೂ ಓದುವುದಕ್ಕೇ ಹಿಡಿಯಿತು. ಕಾಗದವನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಗೋಡೆಯ ಕಡೆ ಇಟ್ಟುಕೊಂಡು, ಒಂದೊಂದೇ ಅಕ್ಷರ.

ಹಳದಿ ಯಾರದೆಂದು ನೆನಪಿಲ್ಲವಂತೆ! ಎರಡನೇ ಕ್ಲಾಸಿನಲ್ಲಿ ನಿನ್ನ ಪೆನ್ಸಿಲು ಮುರಿದವನನ್ನು ಇವತ್ತಿಗೂ ಶಪಿಸುವವನು ನೀನು. ಜನವರಿ ಹತ್ತರ ಪತ್ರದಲ್ಲಿ ನಾನೇ ಬರೆದಿದ್ದೆ. ನನ್ನ ಬಾಯಿಂದಲೇ ಬರಲಿ ಎಂದು ಜಾಗ ಬಿಟ್ಟೆ. ಅಷ್ಟು ದೊಡ್ಡವನು ಯಾವಾಗ ಆದೆಯೋ?

ಹಳದಿ ನನ್ನದು.

ಹೋದ ವರ್ಷದಿಂದಲೇ ಶುರು. ಯಾರನ್ನಾದರೂ ನೋಡಿದರೆ ಕಿವಿ ಕಾಣುತ್ತದೆ, ಕೂದಲು ಕಾಣುತ್ತದೆ, ಮುಖ ಇರುವುದಿಲ್ಲ. ಹೂ ನೋಡಿದರೆ ಸುತ್ತ ದಳ ಇದೆ, ಟೋಪಿ ಇದೆ, ನಡುವೆ ಬೂದಿ ಎರಚಿದ ಹಾಗೆ. ನನ್ನ ಕೆಲಸವೆಲ್ಲ ಇರುವುದು ನಡುವೆಯೇ. ಪಕ್ಕಕ್ಕೆ ನೋಡಿದರೆ ಸ್ವಲ್ಪ ಸಿಗುತ್ತದೆ. ಅದೂ ಸಾಲದಾದಾಗ ಬೆರಳಿಗೆ ಬಿಟ್ಟೆ. ಬೆರಳಿಗೆ ದಪ್ಪ ಮೊಗ್ಗು ಚೆನ್ನಾಗಿ ಸಿಗುತ್ತದೆ. ದಪ್ಪ ಮೊಗ್ಗು ನಾಳೆಯದಲ್ಲ, ನಿನ್ನೆಯದು ಎಂದು ಮೂವತ್ತು ವರ್ಷ ಊರಿಗೆಲ್ಲ ಪಾಠ ಹೇಳಿದವಳು ನಾನೇ.

ಸುಳ್ಳು ಹೇಳುವುದಿಲ್ಲ, ನಾಲ್ಕು ದಿನ ಬೇರೆ ದಾರಿ ಹುಡುಕಿದೆ. ಹಳದಿ ಚೀಲಕ್ಕೆ ಇಲಿ ಬಿತ್ತು ಎಂದರೆ ಸಾಕಿತ್ತು. ಬೀಜ ಗೆಲ್ಲುತ್ತಿತ್ತು, ನೀನು ಉಳಿಯುತ್ತಿದ್ದೆ, ನಾನು ಮೇಸ್ತ್ರಿಯಾಗಿಯೇ ಇರುತ್ತಿದ್ದೆ. ಆದರೆ ಗಾಬರಿ ಮನೆಯಲ್ಲೇ ಇರುತ್ತಿದ್ದಳು, ಕೈ ನಡುಗುವವಳು ಎಂಬ ಹೆಸರು ಹೊತ್ತುಕೊಂಡು.

ನಿನ್ನೆ ಅವಳ ಮನೆಗೆ ಹೋದೆ. ಜಗಲಿಯಲ್ಲಿ ಬೋರ್ಡು ಹಾಕಿಕೊಂಡು ಯಾವುದೋ ಪಂಕ್ಚರ್ ಅಂಗಡಿಯ ಹೆಸರು ಬರೆಯುತ್ತಿದ್ದಳು. ಹಿಂದೆ ನಿಲ್ಲದೆ, ಸುತ್ತು ಹಾಕಿ ಎದುರಿಗೆ ಬಂದು ನಿಂತೆ. ಕೂರಿ ಎನ್ನಲಿಲ್ಲ. ನಾನೇ ಕೂತೆ. ನನ್ನ ಸಾಲಿನಲ್ಲಿ ಏನೋ ತಪ್ಪಾಗಿದೆ ಅನ್ನಿಸುತ್ತಿದೆ ಎಂದೆ. ಅವಳು ಎದ್ದು ಹೋಗಿ, ಬಾಗಿಲ ಪಕ್ಕದ ಡಬ್ಬಿಯಲ್ಲಿದ್ದ ಟೊಮೇಟೊ ಗಿಡವನ್ನೇ ತಂದು ನನ್ನ ಮುಂದಿಟ್ಟಳು. "ನಾಳೆ ಅರಳೋದು ಯಾವುದು, ಹತ್ತು ಆರಿಸಿ" ಅಂದಳು.

ಹೆಬ್ಬೆರಳಿಂದ ಸವರಿ ಆರಿಸಿದೆ. ಒಂದೊಂದನ್ನೂ ಬಿಡಿಸಿ ಒಳಗಿನ ಕೇಸರವನ್ನು ನನ್ನ ಅಂಗೈಗೆ ಒತ್ತುತ್ತ ಹೋದಳು. ಮೂರನೆಯದರಲ್ಲಿ ಒಂದು ಸಲ, ಎಂಟನೆಯದರಲ್ಲಿ ಒಂದು ಸಲ, ಅಂಗೈ ಮೇಲೆ ಹಿಟ್ಟಿನಂಥ ನಯ. ಕಣ್ಣಿಗೆ ಬೇಡ, ಚರ್ಮಕ್ಕೇ ಗೊತ್ತಾಯಿತು. ಹತ್ತರಲ್ಲಿ ಎರಡು ಒಡೆದು ಪುಡಿ ಉದುರಿದ್ದವು.

"ಆವತ್ತೇ ಹೇಳಿದ್ನಲ್ಲ ಮೇಸ್ತ್ರಿಯಮ್ಮ, ನೀವು ಪಕ್ಕ ನೋಡ್ತೀರಿ ಅಂತ. ನೀವು ನಗ್ತೀರಿ ಅಂದ್ಕೊಂಡಿರ್ಲಿಲ್ಲ. ನಂಗೆ ಹೆದರಿಕೆಯಾಗಿ ಹೇಳಿದ್ದು" ಅಂದಳು.

ಅವಳ ಕೈ ಹಿಡಿದುಕೊಂಡೆ. ಕೆಲಸಕ್ಕೆ ವಾಪಸು ಬಾ ಎಂದೆ.

ನಾಳೆ ಬೆಳಿಗ್ಗೆ ಮ್ಯಾನೇಜರ ಎದುರು, ಎಲ್ಲ ಹೆಂಗಸರ ಎದುರು ಹೇಳುತ್ತೇನೆ. ಕಣ್ಣು ಕಾಣುವುದಿಲ್ಲ, ನನ್ನ ಚೀಲದ ಮೇಲೆ ನನಗೇ ನಂಬಿಕೆಯಿಲ್ಲ, ಅದನ್ನು ಬೆರೆಸಬೇಡಿ ಎನ್ನುತ್ತೇನೆ. ನಿನ್ನ ಹೆಸರು ಎಲ್ಲಿಯೂ ಬರುವುದಿಲ್ಲ. ಅಷ್ಟು ಹೇಳಿದ ಮೇಲೆ ನಾನು ಯಾರು ತಮ್ಮಾ? ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲಿ? ನನಗೆ ಭಯವಾಗುತ್ತಿದೆ. ಯಾರಿಗೂ ಹೇಳಿರಲಿಲ್ಲ, ನಿನಗೆ ಹೇಳುತ್ತಿದ್ದೇನೆ.

ಇನ್ನೊಂದು ಮಾತು. ಅಮ್ಮನಿಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ ಕಣೋ. ನನಗೂ ಈಗಲೇ ತಿಳಿದದ್ದು. ನೆಟ್ಟಗೆ ನೋಡಿದರೆ ನೀನು ಕಾಣುತ್ತಿರಲಿಲ್ಲ. ಅದಕ್ಕೇ ಮುಖ ತಿರುಗಿಸುತ್ತಿದ್ದಳು, ನಿನ್ನನ್ನು ನೋಡುವುದಕ್ಕೆ.

ಅಕ್ಕ


ಜೂನ್ 12

ತಮ್ಮಾ,

ಅಕ್ಷರ ನೋಡಿ ಬೆಚ್ಚಬೇಡ, ಇದು ಗಾಬರಿಯ ಕೈ. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ಅಂಗಡಿ ಬೋರ್ಡಿನ ಹಾಗೆ ಬರೆಯುತ್ತಾಳೆ, ರಸ್ತೆಯ ಆಚೆಯಿಂದಲೂ ಓದಬಹುದು. ಒಂದು ಪುಟಕ್ಕೆ ಆರು ಸಾಲು ಹಿಡಿದರೆ ಹೆಚ್ಚು. ಇದನ್ನೂ ಬರೆ ಎಂದಿದ್ದೇನೆ, ಮುಖ ಸಿಂಡರಿಸಿಕೊಂಡು ಬರೆಯುತ್ತಿದ್ದಾಳೆ.

ಫಲಿತಾಂಶ ಬಂತು. ಸಾವಿರಕ್ಕೆ ಎರಡು. ಮ್ಯಾನೇಜರು ಓದಿ ಹೇಳಿದಾಗ ಎಲ್ಲರೂ ನನ್ನನ್ನು ತಬ್ಬಿಕೊಂಡರು, ಯಾರು ಯಾರೆಂದು ವಾಸನೆಯಿಂದ ಗೊತ್ತಾಯಿತು. ಎಣಿಸಿದವರು ಯಾರೋ ಪುಣ್ಯಾತ್ಮರು, ಆವತ್ತು ಅವರ ಜೇಬು ಖಾಲಿ ಇತ್ತೆಂದು ನಂಬಿದ್ದೇನೆ.

ಮೇ ಏಳರಂದು ಎಲ್ಲರೆದುರೂ ಹೇಳಿದೆ, ಮರುದಿನವೇ ಗಾಬರಿ ಕೆಲಸಕ್ಕೆ ಬಂದಳು. ಹಳದಿ ಚೀಲವನ್ನು ನಾನೇ ಒಲೆಗೆ ಹಾಕಿದೆ. ಚಟಪಟ ಎಂದಿತು.

ಮೇಸ್ತ್ರಿ ಈಗ ನೀಲಿ ದಾರದವಳು. ಗಾಬರಿಗೆ ಕೊಡಿ ಎಂದೆ, "ನಾನು ಯಾರ ಹಿಂದೆನೂ ನಿಲ್ಲಲ್ಲ" ಎಂದು ಕೈ ಮುಗಿದಳು. ನನಗೆ ಪರಾಗ ಒಣಗಿಸಿ ಜರಡಿ ಹಿಡಿಯುವ ಕೋಣೆ ಕೊಟ್ಟಿದ್ದಾರೆ. ಅಲ್ಲಿ ಕೈಗಷ್ಟೇ ಕೆಲಸ. ಹದ ಬಂತೋ ಇಲ್ಲವೋ ಎಂದು ಎಲ್ಲರೂ ನನ್ನನ್ನೇ ಕೇಳಬೇಕು. ಒಂದು ವಾರ ಮುಖ ಗಂಟಿಕ್ಕಿಕೊಂಡಿದ್ದೆ, ಈಗ ಬೈಯಲು ಶುರು ಮಾಡಿದ್ದೇನೆ.

ಡಾಕ್ಟರು ನೋಡಿದರು. ಬಲಗಣ್ಣಿನ ನಡುಭಾಗ ಹೋಗಿದೆ, ಬರುವುದಿಲ್ಲ. ಎಡಗಣ್ಣಿಗೆ ಸೂಜಿ ಹಾಕುತ್ತಿದ್ದಾರೆ, ಇದ್ದಷ್ಟು ಉಳಿದೀತು. ಇದು ರಕ್ತದಲ್ಲೇ ಬರುತ್ತದಂತೆ. ಒಡಹುಟ್ಟಿದವರು ಇದ್ದಾರೆಯೇ ಎಂದು ಕೇಳಿದರು. ಅದಕ್ಕೇ ಈ ಪತ್ರ. ಓದುತ್ತಿರುವಲ್ಲಿಂದ ಈಗಲೇ ಎದ್ದು ಕಿಟಕಿಯ ಹತ್ತಿರ ಹೋಗು. ಒಂದು ಕಣ್ಣು ಮುಚ್ಚಿ ಸರಳುಗಳನ್ನು ನೋಡು. ಆಮೇಲೆ ಇನ್ನೊಂದು ಕಣ್ಣು. ಸರಳು ನೆಟ್ಟಗಿದೆಯೇ, ನಡುವೆ ಎಲ್ಲಾದರೂ ಸೊಟ್ಟಗಾಗಿದೆಯೇ? ಇದ್ದದ್ದು ಇದ್ದ ಹಾಗೆ ಬರೆ. ನಾವಿಬ್ಬರೂ ಮುಚ್ಚಿಟ್ಟದ್ದು ಸಾಕು.

ನಾನು ಗಟ್ಟಿಯಾಗಿದ್ದೇನೆ. ಅಳುವುದು ಗಿಳುವುದು ಏನೂ ಇಲ್ಲ.

ಅಕ್ಕ

ಅಣ್ಣಾವ್ರೇ, ಇದು ನಾನೇ ಬರೀತಿರೋದು, ಅವರು ನೀರು ಕುಡಿಯೋಕೆ ಒಳಗೆ ಹೋಗಿದ್ದಾರೆ. ಅಳೋದು ಇಲ್ಲ ಅಂತ ಬರೀ ಅಂದ್ರು, ಬರೆದಿದ್ದೀನಿ. ಕಿಟಕಿ ವಿಷಯ ಮಾತ್ರ ಬೇಗ ಬರೀರಿ. ಹೋದ ವಾರದಿಂದ, ಈ ಪತ್ರ ಹಾಕೋಕೆ ಮುಂಚಿನಿಂದಾನೇ, ಪೋಸ್ಟಿನವನು ಬಂದ್ನಾ ಅಂತ ಕೇಳ್ತಿದ್ದಾರೆ. ಕೆಲಸ ಮುಗಿಸಿ ಬಂದೋರು ದಿನಾ ಹೊತ್ತು ಮುಳುಗೋವರೆಗೂ ಜಗಲಿ ಮೇಲೆ ಕೂತಿರ್ತಾರೆ. ನೋಡಿದೋರು ಗೋಡೆ ನೋಡ್ತಿದ್ದಾರೆ ಅಂದ್ಕೋತಾರೆ. ಅವರು ನೋಡ್ತಿರೋದು ಗೇಟು.